ಹಿಮ್ಮಡಿ ನೆಲಕ್ಕೆ ಮುಟ್ಟುವ ತನಕ

ಮಂಗಳವಾರ, ಮಧ್ಯಾಹ್ನದ ಊಟದ ಬಿಡುವು
ಯೋಗಶಾಲೆಯ ಹೊಸ ನೆಲದ ಮೇಲಿಂದ

ಇವರಿಗೆ,

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ನಿಮಗೆ ಬರೆದದ್ದು ಎರಡೋ ಮೂರೋ ಕಾಗದ. ಪ್ರತಿ ಸಲವೂ ಮೊದಲ ಸಾಲಿನಲ್ಲಿ ನಿಮ್ಮ ಪಾದಗಳಿಗೆ ನಮಸ್ಕಾರ ಎಂದು ಬರೆದಿದ್ದೆ. ಈ ಸಲ ಬರೆಯುವುದಿಲ್ಲ. ನಿಮ್ಮ ಪಾದಗಳ ವಿಚಾರ ಈ ಕಾಗದದಲ್ಲಿ ಬೇಕಾದಷ್ಟಿದೆ, ಆದರೆ ಅದು ನಮಸ್ಕಾರಕ್ಕೆ ಸಂಬಂಧಪಟ್ಟದ್ದಲ್ಲ.

ನಾನು ಕ್ಷೇಮ. ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ಮಂಡಿಗೂ ಸೊಂಟಕ್ಕೂ ಏನೂ ಆಗಿಲ್ಲ, ಆಗುವುದೂ ಇಲ್ಲ. ನೀವು ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ, ನಿಮ್ಮ ಅಕ್ಕ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸುತ್ತಾರೆ. ಅವರ ಮನೆಯ ಕಿಟಕಿ ಪಕ್ಕದ ಕುರ್ಚಿ, ಅದರ ಮೇಲೆ ಎರಡು ದಿಂಬು, ಊಟವೂ ಅಲ್ಲಿಗೇ, ಟೀವಿಯೂ ಅಲ್ಲಿಗೇ. ಫೋನ್ ಅವರಿಗೆ ಕೊಡಿ ಎಂದರೆ ಮಾತ್ರ ಮಲಗಿದ್ದಾರೆ ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದೀರಿ, ಸಂಜೆ ಐದಕ್ಕೂ ಮಲಗಿದ್ದೀರಿ. ಹದಿನಾಲ್ಕು ತಿಂಗಳಿಂದ ಒಬ್ಬ ಮನುಷ್ಯ ಇಷ್ಟೊಂದು ಮಲಗಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಕಾಗದ. ನೀವು ಎದ್ದಾಗ ಅದು ಅಲ್ಲೇ ಕೂತಿರುತ್ತದೆ.

ಶನಿವಾರ ಒಬ್ಬರು ನಿಮಗೊಂದು ಕಾಗದ ಬರೆ ಎಂದು ನನಗೆ ಅಪ್ಪಣೆ ಮಾಡಿದರು. ಇದು ಆ ಕಾಗದವಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಪ್ಪಣೆ ಮಾಡಿದವರು ಯಾರು, ಯಾಕೆ ಎಂಬುದನ್ನು ಬುಡದಿಂದ ಹೇಳುತ್ತೇನೆ. ನಿಮಗೆ ಹೇಗೂ ಬೇರೆ ಕೆಲಸವಿಲ್ಲ.

ಐದು ವಾರದ ಹಿಂದೆ ಒಂದು ಬೆಳಿಗ್ಗೆ ಫೋನ್ ಬಂತು. ಟೈಲ್ಸ್ ಹಾಕೋ ಮೇಸ್ತ್ರಿ ಇದ್ದಾರಾ ಅಂತ ಒಬ್ಬರು ವಯಸ್ಸಾದ ಹೆಂಗಸು ಕೇಳಿದರು. ನಾವು ಯಾವುದೋ ಕಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಬರೆಸಿದ್ದ ನಂಬರು ಇನ್ನೂ ಅಳಿಸಿಲ್ಲವಂತೆ. ಇಷ್ಟು ವರ್ಷವೂ ಆ ಪ್ರಶ್ನೆಗೆ ನನ್ನದು ಒಂದೇ ಉತ್ತರ, ಇರಿ ಕರೀತೀನಿ ಅಂತ. ಅವತ್ತು ಕರೆಯುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೇ ಮೇಸ್ತ್ರಿ, ಏನಾಗ್ಬೇಕಿತ್ತು ಹೇಳಿ ಅಂದೆ. ಅಂದಮೇಲೆ ಕರಣೆ, ರಸಮಟ್ಟ ಹುಡುಕಿ ಚೀಲಕ್ಕೆ ತುಂಬಿಕೊಂಡೆ.

ಹೋಗಿ ನೋಡಿದರೆ ಅದೊಂದು ಹಳೆಯ ಛಾಪಖಾನೆ. ಗೋಡೆಗಳಿಗೆ ಇನ್ನೂ ಶಾಯಿಯ ವಾಸನೆ. ಅದನ್ನು ಯೋಗಶಾಲೆ ಮಾಡುತ್ತಿದ್ದಾರೆ. ಒಂದು ದೊಡ್ಡ ಕೋಣೆ, ಬಟ್ಟೆ ಬದಲಾಯಿಸಲು ಎರಡು ಚಿಕ್ಕ ಕೋಣೆ, ಮುಂದೆ ಒಂದು ಜಗಲಿ. ಫೋನ್ ಮಾಡಿದವರೇ ಅಲ್ಲಿ ಪಾಠ ಹೇಳುವವರು. ಎಪ್ಪತ್ತು ದಾಟಿದ, ಕಡ್ಡಿಯಂತಿರುವ, ಕೂದಲನ್ನು ಗಿಡ್ಡ ಕತ್ತರಿಸಿಕೊಂಡ ಹೆಂಗಸು. ಎಲ್ಲರೂ ಟೀಚರಮ್ಮ ಅನ್ನುತ್ತಾರೆ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ಬೆನ್ನು ಹಾಳಾದ ಮೇಲೆ ಯೋಗಕ್ಕೆ ಬಿದ್ದವರಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ನನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ನೋಡಲಿಲ್ಲ. ಅಷ್ಟು ಸಾಕಾಯಿತು ನನಗೆ. ಗಾರೆ ಕಲಸಲು ನಮ್ಮ ಹಿಂದಿನ ಬೀದಿಯ ಗಟ್ಟಿಗಿತ್ತಿಯನ್ನು ಕರೆದುಕೊಂಡು ಬಂದು ಕೆಲಸ ಶುರು ಮಾಡಿಬಿಟ್ಟೆ.

ಮೂರನೆಯ ದಿನ ಟೀಚರಮ್ಮ ಬಂದಾಗ ನಾನು ಕೂತಿದ್ದೆ. ನೀವೂ ನಾನೂ ಇಪ್ಪತ್ತೆರಡು ವರ್ಷ ಕೂತ ಹಾಗೆಯೇ, ಕುಕ್ಕರುಗಾಲಿನಲ್ಲಿ, ಕೈಯಲ್ಲಿ ಕರಣೆ, ಎದುರಿಗೆ ದಾರ. ಅವರು ನನ್ನ ಕಾಲುಗಳನ್ನೇ ನೋಡಿದರು. ಆಮೇಲೆ ಇದಕ್ಕೊಂದು ಹೆಸರಿದೆ ಗೊತ್ತಾ ಅಂದರು. ಮಾಲಾಸನವಂತೆ.

ನನಗೆ ನಗು ತಡೆಯಲಾಗಲಿಲ್ಲ. ನನ್ನ ಅವ್ವ ಪಾತ್ರೆ ತಿಕ್ಕುತ್ತಾ ಹೀಗೇ ಕೂತಿದ್ದಳು, ನಿಮ್ಮ ಅಪ್ಪ ಬೀಡಿ ಸೇದುತ್ತಾ ಹೀಗೇ ಕೂತಿದ್ದರು, ಯಾರೂ ಅದನ್ನು ಆಸನ ಅನ್ನಲಿಲ್ಲ. ಕುರ್ಚಿ ಇಲ್ಲದವರು ಕೂರುವ ರೀತಿ ಅದು ಎಂದುಕೊಂಡಿದ್ದೆ. ಅದನ್ನು ಕಲಿಯೋಕೆ ನನ್ನ ಹತ್ರ ಜನ ತಿಂಗಳುಗಟ್ಟಲೆ ಒದ್ದಾಡ್ತಾರೆ ಅಂದರು ಟೀಚರಮ್ಮ. ನಾನು ಉಬ್ಬಿಹೋದೆ. ಉಬ್ಬಿದ್ದು ಎರಡೇ ನಿಮಿಷ. ಅವರು ಇನ್ನಷ್ಟು ಬಗ್ಗಿ ನೋಡಿ, ಆದ್ರೆ ನೀನು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಸರಿಯಾಗಿ ಕೂತಿಲ್ಲ ಕಣಮ್ಮ ಅಂದರು.

ನೋಡಿ, ಅವರು ಹೇಳಿದ್ದು ಸರಿ. ನಾವು ಕೂರುವುದು ತುದಿಗಾಲಿನಲ್ಲಿ. ಹಿಮ್ಮಡಿ ಗಾಳಿಯಲ್ಲಿ, ಬೆನ್ನು ಬಿಲ್ಲಿನ ಹಾಗೆ, ಮೈಭಾರವೆಲ್ಲ ಮಂಡಿಯ ಮೇಲೆ. ಒಂದು ಟೈಲ್ ಇಟ್ಟು, ತಟ್ಟಿ, ಅಲ್ಲಿಂದ ಕಪ್ಪೆಯ ಹಾಗೆ ಹಿಂದಕ್ಕೆ ಕುಪ್ಪಳಿಸುವುದು, ಮತ್ತೆ ಇಡುವುದು. ಮುಂದಿನ ಟೈಲಿಗೆ ಓಡುವ ಆತುರದಲ್ಲಿ ಅರ್ಧಂಬರ್ಧ ಕೂತದ್ದೇ ಹೊರತು ಯಾವತ್ತೂ ಪೂರ್ತಿ ಇಳಿಯಲಿಲ್ಲ. ಅರ್ಧ ಕೂತವರಿಗೇ ಮಂಡಿ ಹೋಗುವುದಂತೆ.

ಇನ್ನು ನೀವು ಮಾಡಬೇಕಾದದ್ದನ್ನು ಬರೆಯುತ್ತೇನೆ. ಮೂಗು ಮುರಿಯಬೇಡಿ. ಇಪ್ಪತ್ತೆರಡು ವರ್ಷ ನೀವು ಹೇಳಿಕೊಟ್ಟಿರಿ, ನಾನು ಮಾಡಿದೆ. ಈಗ ನಾನು ಹೇಳಿಕೊಡುತ್ತೇನೆ.

ಮೊದಲು ಆ ಕುರ್ಚಿಯಿಂದ ಏಳಿ. ಅಷ್ಟಕ್ಕೇ ಒಂದು ದಿನ ಹಿಡಿದರೂ ಹಿಡಿಯಲಿ. ಕಿಟಕಿಗೆ ಮುಖ ಮಾಡಿ ಎರಡೂ ಕೈಯಲ್ಲಿ ಸರಳು ಹಿಡಿದುಕೊಳ್ಳಿ. ಪಾದಗಳ ನಡುವೆ ಒಂದೂವರೆ ಅಡಿ ಟೈಲಿನಷ್ಟು ಜಾಗ ಬಿಡಿ. ಬೆರಳುಗಳು ಸ್ವಲ್ಪ ಹೊರಗೆ ತಿರುಗಿರಲಿ, ಬೆರಳು ನೋಡುವ ಕಡೆಗೇ ಮಂಡಿಯೂ ನೋಡಲಿ. ಪಾದ ಒಂದು ಕಡೆ, ಮಂಡಿ ಒಂದು ಕಡೆ ಆದರೆ ಅಲ್ಲಿಗೇ ಕೆಲಸ ಕೆಟ್ಟಿತು ಎಂದು ತಿಳಿಯಿರಿ, ಮೊದಲ ಟೈಲ್ ಮೂಲೆಮಟ್ಟ ತಪ್ಪಿದರೆ ಕೊನೆಯ ಸಾಲು ಎಲ್ಲಿಗೋ ಹೋಗಿ ನಿಲ್ಲುವುದಿಲ್ಲವೇ, ಹಾಗೆ.

ಹಿಮ್ಮಡಿ ಮೇಲೇಳುತ್ತದೆ, ಏಳಲಿ. ಅದರ ಕೆಳಗೆ ಗೋಣಿಚೀಲ ಮಡಚಿ ಇಟ್ಟುಕೊಳ್ಳಿ. ಕಾಗದದ ಜೊತೆ ಒಂದು ಚೀಲ ಕಳಿಸುತ್ತಿದ್ದೇನೆ, ಎಂಟು ಮಡಿಕೆ ಮಾಡಿ ಹೊಲಿದಿದ್ದೇನೆ. ವಾರಕ್ಕೆ ಎರಡು ಮಡಿಕೆ ಬಿಚ್ಚಬೇಕು. ಬಿಚ್ಚಿ ಬಿಚ್ಚಿ ಕೊನೆಗೆ ಬರೀ ನೆಲ ಉಳಿಯುತ್ತದೆ. ಆತುರಪಟ್ಟು ಒಂದೇ ದಿನ ಎಲ್ಲ ಬಿಚ್ಚಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು.

ಉಸಿರು ಬಿಡುತ್ತಾ ಇಳಿಯಿರಿ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಲ್ಲುವುದನ್ನು ಕಾಯುತ್ತೇವಲ್ಲ, ಅಷ್ಟು ನಿಧಾನ. ಮೊದಮೊದಲು ಪೂರ್ತಿ ಇಳಿಯುವುದು ಬೇಡ, ಹಿಂದೆ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಂಡು ಅದರ ಮೇಲೆ ಊರಿ. ನಿಮ್ಮ ಅಕ್ಕನ ಬಚ್ಚಲಲ್ಲಿ ಒಂದಿದೆ. ಕೂತ ಮೇಲೆ ಎರಡು ಮೊಣಕೈಗಳನ್ನೂ ಮಂಡಿಗಳ ಒಳಗೆ ತಂದು, ಎದೆಯ ಮುಂದೆ ಕೈ ಜೋಡಿಸಿ. ಮೊಣಕೈ ಮಂಡಿಯನ್ನು ಹೊರಗೆ ತಳ್ಳಲಿ, ಮಂಡಿ ಮೊಣಕೈಯನ್ನು ಒಳಗೆ ತಳ್ಳಲಿ. ಎರಡೂ ಹಟ ಹಿಡಿದರೆ ನಡುವೆ ಬೆನ್ನು ತಾನಾಗಿ ಮೇಲೇಳುತ್ತದೆ. ನಮ್ಮ ಸಂಸಾರದಲ್ಲಿ ಮಾತ್ರ ಅದು ಯಾಕೋ ಏಳಲಿಲ್ಲ. ಐದು ಉಸಿರು ಹಾಗೇ ಇರಿ. ತೊಡೆಯ ಒಳಗೆ, ಮೀನಖಂಡದಲ್ಲಿ ಎಳೆದರೆ ಎಳೆಯಲಿ. ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗಾದರೆ ಆ ಕ್ಷಣವೇ ನಿಲ್ಲಿಸಿ. ಊದಿಕೊಂಡಿದ್ದರೆ ಇಳಿಯಲೇ ಬೇಡಿ, ಡಾಕ್ಟರಿಗೆ ತೋರಿಸಿ. ವೀರಾವೇಶ ಯಾರಿಗೂ ಬೇಕಾಗಿಲ್ಲ.

ಏಳುವುದೇ ಮುಖ್ಯ ಅನ್ನುತ್ತಾರೆ ಟೀಚರಮ್ಮ. ಇಳಿಯುವುದನ್ನು ಎಲ್ಲರೂ ಕಲಿಯುತ್ತಾರೆ, ಏಳುವುದನ್ನು ಕಲಿಯುವುದಿಲ್ಲವಂತೆ. ಸರಳು ಹಿಡಿಯಿರಿ, ಹಿಮ್ಮಡಿ ಒತ್ತಿ, ಉಸಿರು ಎಳೆದುಕೊಳ್ಳುತ್ತಾ ಏಳಿ. ಸರಳು ಹಿಡಿದದ್ದು ಯಾರಾದರೂ ನೋಡುತ್ತಾರೆ ಎಂಬ ನಾಚಿಕೆ ಬಿಡಿ.

ಇದು ಅರ್ಧ ಪಾಠ. ಪೂರ್ತಿ ಆಸನ ಬೇರೆಯೇ ಇದೆ. ಪಾದಗಳನ್ನು ಜೋಡಿಸಿ, ಮಂಡಿಗಳನ್ನು ಅಗಲಿಸಿ, ಮೈಯನ್ನು ಅವುಗಳ ನಡುವೆ ಮುಂದಕ್ಕೆ ಬಾಗಿಸಿ, ಒಂದೊಂದೇ ತೋಳನ್ನು ಮೊಣಕಾಲಿನ ಸುತ್ತ ಬಳಸಿ ಬೆನ್ನ ಹಿಂದೆ ಒಯ್ದು ಬೆರಳಿಗೆ ಬೆರಳು ಸೇರಿಸಬೇಕು. ಆಗ ತೋಳುಗಳು ಕತ್ತಿನಿಂದ ಇಳಿಬಿದ್ದ ಮಾಲೆಯ ಹಾಗೆ ಕಾಣುತ್ತವೆ, ಅದಕ್ಕೇ ಆ ಹೆಸರಂತೆ. ಅದು ನಿಮಗೆ ಸದ್ಯಕ್ಕಿಲ್ಲ. ನನಗೆ ಹೋದ ಗುರುವಾರ ಬೆರಳಿಗೆ ಬೆರಳು ಸಿಕ್ಕಿತು. ಎಷ್ಟು ಕಟ್ಟಡಗಳಿಗೆ ನೆಲ ಹಾಸಿದ್ದೇವೆ, ಉದ್ಘಾಟನೆಯ ದಿನ ಇಂಜಿನಿಯರಿಗೆ ಮಾಲೆ, ಬಣ್ಣದ ಕಂಟ್ರಾಕ್ಟರಿಗೂ ಮಾಲೆ, ನಮಗೆ ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂಬ ಮಾತು. ಯಾರೂ ಹಾಕಲಿಲ್ಲ, ನಾನೇ ಹಾಕಿಕೊಂಡೆ. ಹಾಕಿಕೊಂಡು ಐದು ಉಸಿರು ಕೂತೆ. ಹೇಳಿದರೆ ನಗುತ್ತೀರಿ, ಕಣ್ಣಲ್ಲಿ ನೀರು ಬಂತು.

ಈಗ ಶನಿವಾರಕ್ಕೆ ಬರುತ್ತೇನೆ.

ಈ ಕಟ್ಟಡದ ಯಜಮಾನರು ಆವತ್ತಿನವರೆಗೆ ನನ್ನ ಕೆಲಸಕ್ಕೆ ಅಡ್ಡ ಬಂದಿರಲಿಲ್ಲ. ಶುಕ್ರವಾರ ಅವರಿಗೆ ಹಲ್ಲುನೋವು ಬಂದಿದೆ. ಹೋಗಿದ್ದು ಯಾರ ಹತ್ತಿರ ಗೊತ್ತೇ, ನಾವಿಬ್ಬರೂ ಕೊನೆಯದಾಗಿ ನೆಲ ಹಾಕಿದ ಕ್ಲಿನಿಕ್ಕಿನ ಆ ಹಲ್ಲಿನ ಡಾಕ್ಟರ ಹತ್ತಿರ. ಬಾಯಿ ಅಗಲಿಸಿಕೊಂಡು ಕೂತಲ್ಲೇ ಪೂರ್ತಿ ಕಥೆ ಕೇಳಿಸಿಕೊಂಡಿದ್ದಾರೆ, ತಿರುಗಿ ಒಂದು ಪ್ರಶ್ನೆ ಕೇಳುವ ಹಾಗೂ ಇರಲಿಲ್ಲ ಪಾಪ. ಶನಿವಾರ ಬೆಳಿಗ್ಗೆಯೇ ಬಂದು, ನೀನು ಹಸಿ ನೆಲದ ಮೇಲೆ ಹಾರಿ ಹನ್ನೊಂದು ಟೈಲ್ ಕೆಡಿಸಿದವಳಂತೆ ಅಂದರು. ನಿನ್ನ ಗಂಡನಿಗೆ ಕಾಗದ ಬರಿ, ಅವನು ಬಂದು ನೋಡಿ ಸರಿಯಿದೆ ಅಂದ್ರೆ ಜಗಲಿ ಕೆಲಸ ನಿಂದು, ಇಲ್ಲಾಂದ್ರೆ ಸೋಮವಾರದಿಂದ ಬೇರೆಯವರು ಬರ್ತಾರೆ ಅಂದರು. ಟೀಚರಮ್ಮ ಏನೋ ಹೇಳಲು ಹೋದರು, ಅವರು ಬಾಡಿಗೆಯವರು, ಯಜಮಾನರು ಕೇಳಿಸಿಕೊಳ್ಳಲಿಲ್ಲ.

ನಾನು ಭಾನುವಾರ ಇಡೀ ದಿನ ಕಾಗದ ಹಿಡಿದುಕೊಂಡು ಕೂತೆ. ದಯವಿಟ್ಟು ಬಂದು ಒಂದು ಮಾತು ಹೇಳಿ ಎಂದು ಬರೆದೆ. ಹರಿದೆ. ಮತ್ತೆ ಬರೆದೆ. ಬರೆಯುವಾಗಲೆಲ್ಲ ಆ ಕ್ಲಿನಿಕ್ಕಿನ ಕೋಣೆ ಕಣ್ಣಿಗೆ ಕಟ್ಟುತ್ತಿತ್ತು. ಹದಿನಾಲ್ಕು ತಿಂಗಳಿಂದ ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಇವತ್ತು ನಾನು ಬರೆಯುತ್ತೇನೆ. ಬೇಕಾದರೆ ನಿಮ್ಮ ಅಕ್ಕನ ಕೈಯಲ್ಲೂ ಓದಿಸಿ.

ಯಾವ ಹೊಸ ಕೆಲಸಗಾರನಿಗೂ ನೀವು ಹೇಳುತ್ತಿದ್ದ ಮೊದಲ ಮಾತು ಏನು? ಒಳಗಿನ ಗೋಡೆಯಿಂದ ಶುರು ಮಾಡು, ಬಾಗಿಲ ಕಡೆ ಹಿಂದಕ್ಕೆ ಬಾ, ಇಲ್ಲಾಂದ್ರೆ ನೀನೇ ಹಾಕಿದ ನೆಲದಲ್ಲಿ ನೀನೇ ಸಿಕ್ಕಿಬೀಳ್ತೀಯ ಅಂತ. ಅವತ್ತು ಬಾಗಿಲಿಂದ ಶುರು ಮಾಡಿದವರು ನೀವು. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು, ಅವರ ಕಣ್ಣೆದುರು ಮೊದಲ ಸಾಲು ಚೆಂದ ಕಾಣಲಿ ಅಂತ. ರೀ, ಉಲ್ಟಾ ಆಯ್ತು ಅಂದೆ. ನನಗೆ ಹೇಳಿಕೊಡೋಕೆ ಬರಬೇಡ, ಮುಗಿಸಿ ಕಿಟಕಿಯಿಂದ ಇಳಿದರಾಯ್ತು ಅಂದಿರಿ. ಸರಿ ಅಂತ ನಾನು ಹೊರಗೆ ಹೋಗಿ ಕಿಟಕಿಯಿಂದಲೇ ಟೈಲ್ ಕೊಡುತ್ತಾ ನಿಂತೆ.

ಕೊನೆಯ ಸಾಲು ಮುಗಿಯಿತು. ನೀವು ಕಿಟಕಿಯ ಕೆಳಗಿನ ಒಂದು ಮೊಳ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಿರಿ. ಏಳಲು ನೋಡಿದಿರಿ. ಆಗಲಿಲ್ಲ. ಇನ್ನೊಮ್ಮೆ ನೋಡಿದಿರಿ. ಮೂರನೆಯ ಸಲ ಕಿಟಕಿಯ ಕಟ್ಟೆಗೆ ಕೈ ಚಾಚಿದಿರಿ, ಅದು ಸಿಗದೆ ಹಸಿ ನೆಲದ ಮೇಲೆ ಅಂಗಾತ ಬಿದ್ದಿರಿ. ಟೈಲ್‌ಗಳು ಕುಸಿದವು. ನಾನು ಹಿಂದೆ ಮುಂದೆ ನೋಡದೆ ಕಿಟಕಿ ಹತ್ತಿ ಒಳಗೆ ಧುಮುಕಿದೆ, ನಿಮ್ಮ ಕಂಕುಳಿಗೆ ಕೈ ಹಾಕಿ ಎತ್ತಿದೆ. ಡಾಕ್ಟರು ಓಡಿಬಂದಾಗ ನನ್ನ ಎರಡೂ ಕಾಲು ಗಾರೆಯಲ್ಲಿದ್ದವು, ನನ್ನ ಎರಡೂ ಕೈ ನಿಮ್ಮ ಕಂಕುಳಲ್ಲೇ ಇದ್ದವು. ಆಗ ನೀವು ಅವರಿಗೆ ಹೇಳಿದಿರಿ, ಇವಳು ಹಾರಿಬಿಟ್ಳು ಸಾರ್, ಎಷ್ಟು ಹೇಳಿದ್ರೂ ಕೇಳಲ್ಲ ಅಂತ.

ನಾನು ಬಾಯಿ ಬಿಡಲಿಲ್ಲ. ಆ ಕೋಣೆಯಲ್ಲಿ ನಾನು ಮಾಡಿದ ತಪ್ಪು ಅದೊಂದೇ. ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು, ಕರೆಯುವವರು ನಿಂತರು. ಆಮೇಲೆ ನೀವೇ ನಿಮ್ಮ ಸುಳ್ಳನ್ನು ನಂಬಿಬಿಟ್ಟಿರಿ, ಅದು ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು. ನನ್ನ ಹೆಸರು ಕೆಡಿಸಿದವಳ ಜೊತೆ ಇರಲ್ಲ ಎಂದು ನೀವು ಹೇಳಿ ಅಕ್ಕನ ಮನೆಗೆ ಹೊರಟಾಗ ನನಗೆ ಅಳು ಬರಲಿಲ್ಲ, ನಗು ಬಂತು. ಆ ನಗುವನ್ನು ನೀವು ಇನ್ನೂ ಕ್ಷಮಿಸಿಲ್ಲ ಎಂದು ನಿಮ್ಮ ಅಕ್ಕ ಹೇಳುತ್ತಾರೆ. ಬೇಡ, ಕ್ಷಮಿಸಬೇಡಿ.

ಸೋಮವಾರ, ಅಂದರೆ ನಿನ್ನೆ, ಯಜಮಾನರು ಬಂದು ಕಾಗದ ಹಾಕಿದ್ಯಾ ಅಂತ ಕೇಳಿದರು. ಇಲ್ಲ ಅಂದೆ. ಆ ನೆಲ ಕೆಡಿಸಿದ್ದು ನಾನಲ್ಲ, ನನ್ನ ಗಂಡ, ಅವರಿಗೆ ಮಂಡಿ ಹೋಗಿತ್ತು, ನಾನು ಎತ್ತೋಕೆ ಹಾರಿದ್ದು ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಅರ್ಧ ನಕ್ಕರು. ಹೆಂಡತಿ ಹೇಳಿದರೆ ಅದು ಗಂಡನ ಮೇಲಿನ ದೂರು, ಗಂಡ ಹೇಳಿದರೆ ಅದು ನಿಜ, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹೇಳಿದೆ. ನನ್ನ ಮಾತು ನಂಬೋದು ಬೇಡ, ನೆಲ ನೋಡಿ ಅಂದೆ. ಅವರು ನಿಂತಲ್ಲೇ ಕತ್ತು ಬಗ್ಗಿಸಿ ನೋಡಿದರು. ನಿಂತುಕೊಂಡು ನೋಡಿದ್ರೆ ಎಲ್ಲ ನೆಲವೂ ಚೆನ್ನಾಗೇ ಇರುತ್ತೆ ಸಾರ್, ನೆಲದ ಹತ್ರ ಬನ್ನಿ ಅಂದೆ.

ನಾವು ನೋಡುವ ರೀತಿ ನಿಮಗೆ ಹೇಳಬೇಕಾಗಿಲ್ಲ. ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಲೆ ತಗ್ಗಿಸಿ, ಕಿಟಕಿಯ ಬೆಳಕಿಗೆ ಎದುರಾಗಿ ಟೈಲುಗಳ ನಡುವಿನ ಒಂದು ಸಂದಿನ ಉದ್ದಕ್ಕೂ ಕಣ್ಣು ಓಡಿಸಬೇಕು. ಕೂದಲೆಳೆ ಏರುಪೇರಿದ್ದರೂ ನೆರಳು ಹೇಳಿಬಿಡುತ್ತದೆ. ಯಜಮಾನರು ಪ್ಯಾಂಟ್ ಮೇಲಕ್ಕೆಳೆದುಕೊಂಡು ಇಳಿದರು. ಹಿಮ್ಮಡಿ ಎದ್ದಿತು, ಮೈ ಹಿಂದಕ್ಕೆ ವಾಲಿತು, ಧೊಪ್ಪನೆ ಕೂತರು. ಜೇಬಿನಿಂದ ಬೀಗದ ಕೈ ಜಾರಿ ನನ್ನ ನೆಲದ ಮೇಲೆ ಆ ಗೋಡೆಯವರೆಗೂ ಹೋಯಿತು, ಎಲ್ಲೂ ತಡೆಯಲಿಲ್ಲ. ಗಾರೆ ಕಲಸುವವಳು ನಗು ಬಂದು ಹೊರಗೆ ಓಡಿದಳು. ಟೀಚರಮ್ಮ ಮಾತ್ರ ನಗಲಿಲ್ಲ. ಕೊಡೆ ಮಡಚಿದ ಹಾಗೆ ತಾವೂ ಇಳಿದು ಅವರ ಪಕ್ಕ ಕೂತು, ಸಂದಿನ ಉದ್ದಕ್ಕೂ ನೋಡಿ, ಇಷ್ಟು ವಯಸ್ಸಾದ್ರೂ ಇಷ್ಟು ನೆಟ್ಟಗಿರೋದನ್ನ ನಾನು ನೋಡಿಲ್ಲ ಅಂದರು. ಯಜಮಾನರು ಕೂತಲ್ಲಿಂದಲೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಏಳಲು ನನ್ನ ಕಡೆ ಕೈ ಚಾಚಿದರು.

ಎತ್ತಿದೆ. ಎತ್ತುವಾಗ ನಿಮ್ಮ ನೆನಪಾಯಿತು. ಈ ಮನುಷ್ಯ ಎದ್ದು ನಿಂತು ಏನು ಹೇಳುತ್ತಾನೋ ಎಂದು ಬಾಯಿಯನ್ನೇ ನೋಡುತ್ತಿದ್ದೆ. ಜಗಲಿ ಮುಗಿಸಿಬಿಡಮ್ಮ ಅಂದರು. ಹೊರಡುವಾಗ, ಆದ್ರೂ ಗಂಡ ಬಂದಿದ್ರೆ ಚೆನ್ನಾಗಿತ್ತು ಅಂದರು. ಬಂದ್ರೆ ಬರಲಿ ಸಾರ್, ಗಾರೆ ಕಲಸೋ ಕೆಲಸ ಕೊಡ್ತೀನಿ ಅಂದೆ.

ಹೌದು, ಹಾಗೇ ಅಂದೆ. ಕೋಪ ಬಂದರೆ ಎದ್ದು ಬಂದು ಜಗಳವಾಡಿ. ಕುರ್ಚಿಯಲ್ಲಿ ಕೂತು ಕೋಪ ಮಾಡಿಕೊಂಡರೆ ನಾನು ಸೊಪ್ಪು ಹಾಕುವುದಿಲ್ಲ.

ಕೊನೆಯ ಟೈಲ್ ಗುರುವಾರ ಕೂರುತ್ತದೆ. ಹೊಸಿಲಿನ ಪಕ್ಕದ್ದು. ಅದನ್ನು ಇಡುವ ಮೊದಲು ಹಸಿ ಗಾರೆಯಲ್ಲಿ ಹೆಬ್ಬೆಟ್ಟು ಒತ್ತುವುದು ನಿಮ್ಮ ಗುರುಗಳಿಂದ ಬಂದ ರೂಢಿ, ಯಾರಿಗೂ ಕಾಣದ ಮೇಸ್ತ್ರಿಯ ರುಜು. ಇಪ್ಪತ್ತೆರಡು ವರ್ಷ ಅದು ನಿಮ್ಮ ಹೆಬ್ಬೆಟ್ಟು. ಅರ್ಧ ನೆಲ ನಾನು ಹಾಕಿದಾಗಲೂ ನಿಮ್ಮದೇ, ನಿಮಗೆ ಜ್ವರ ಬಂದು ಪೂರ್ತಿ ನಾನೇ ಹಾಕಿದಾಗಲೂ ಕಂಬಳಿ ಹೊದ್ದುಕೊಂಡು ಬಂದು ಒತ್ತಿ ಹೋದಿರಿ. ಗುರುವಾರ ನಾನು ಒತ್ತುತ್ತೇನೆ. ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ. ನಿಮಗಾಗಿ ಜಾಗ ಬಿಟ್ಟಿಲ್ಲ, ಕಾಯುವುದೂ ಇಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಕಾಲಲ್ಲಿ ನಿಲ್ಲುವಷ್ಟು ಬಲ ಬಂದ ಮೇಲೆ ಆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಕೆಡಿಸಿದ್ದು ನಾನು, ಅವಳಲ್ಲ ಎಂದು ಹೇಳಿ. ನಿಂತುಕೊಂಡು ಹೇಳಿ. ಅದನ್ನು ಹೇಳದೆ ನಮ್ಮ ಮನೆಯ ಬಾಗಿಲು ತಟ್ಟಬೇಡಿ. ಹೇಳಿ ಬಂದರೆ ಬಾಗಿಲು ತಟ್ಟುವುದೇ ಬೇಡ, ಬೀಗದ ಕೈ ಇರುವ ಜಾಗ ಬದಲಾಗಿಲ್ಲ.

ಊಟದ ಬಿಡುವು ಮುಗಿಯಿತು. ಗಾರೆ ಕಲಸುವವಳು ಕೂಗುತ್ತಿದ್ದಾಳೆ. ಅವಳು ನನ್ನನ್ನು ಕೂಗುವುದು ಹೇಗೆ ಗೊತ್ತೇ? ಕೆಳಗೆ ಬರೆದಿರುವ ಹಾಗೆ.

ಇಂತಿ,
ಮೇಸ್ತ್ರಿ

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಡಾಕ್ಟರ ಮುಂದೆ ನಿಜ ಹೇಳಿ ಎಂದು ನಿಮಗೆ ಬರೆದ ಮೇಲೆ ನಾನೂ ಒಂದು ನಿಜ ಹೇಳದಿದ್ದರೆ ತೂಕ ಸರಿಹೋಗುವುದಿಲ್ಲ. ಮೂರನೆಯ ದಿನ ಟೀಚರಮ್ಮ ಬಂದಾಗ ನಾನು ಕೆಲಸ ಮಾಡುತ್ತಾ ಕೂತಿರಲಿಲ್ಲ. ಏಳಲಾಗದೆ ಕೂತಿದ್ದೆ. ಮಂಡಿ ಹಿಡಿದುಬಿಟ್ಟಿತ್ತು, ನಿಮ್ಮದು ಹಿಡಿದ ಹಾಗೇ, ಸುತ್ತ ಹಸಿ ನೆಲ. ಏನಾಯ್ತು ಅಂತ ಅವರು ಕೇಳಿದಾಗ ನನ್ನ ಬಾಯಿಗೂ ಮೊದಲು ಬಂದದ್ದು ಸುಳ್ಳೇ. ಸಂದು ನೋಡ್ತಿದೀನಿ ಅಂದೆ. ಅರ್ಧ ಗಂಟೆಯಿಂದ ಒಂದೇ ಸಂದು ನೋಡುತ್ತಿದ್ದೆ. ಅವರು ನನ್ನ ಕಂಕುಳಿಗೆ ಕೈ ಹಾಕಿ ಎತ್ತಲಿಲ್ಲ. ನಾನೂ ನೋಡ್ತೀನಿ ಎಂದು ಆಚೆಯ ಒಣ ನೆಲದಲ್ಲಿ ಇಳಿದು ಕೂತರು, ಕೂತೇ ಏಳುವ ದಾರಿ ಹೇಳಿಕೊಟ್ಟರು. ಎತ್ತಿದ್ದರೆ ನಾನೂ ಅವರ ಮೇಲೆ ಏನು ಹೇಳುತ್ತಿದ್ದೆನೋ, ಯೋಚಿಸಿದರೆ ಭಯವಾಗುತ್ತದೆ. ಹಾಗಂತ ನಿಮ್ಮನ್ನು ಕ್ಷಮಿಸಿದೆ ಎಂದುಕೊಳ್ಳಬೇಡಿ. ಜೊತೆಗೆ ಕಳಿಸಿರುವ ಗೋಣಿಚೀಲ ಹೊಸದಲ್ಲ. ಅದರಲ್ಲಿ ಎರಡು ಕುಳಿ ಬಿದ್ದಿವೆ ನೋಡಿ, ನನ್ನ ಹಿಮ್ಮಡಿಯವು. ನಾನು ಬಿಚ್ಚಿದ ಮಡಿಕೆಗಳನ್ನು ಮತ್ತೆ ಕೂಡಿಸಿ ಹೊಲಿದಿದ್ದೇನೆ. ನೀವು ಇಟ್ಟುಕೊಳ್ಳಿ, ನನಗಿನ್ನು ಅದು ಬೇಕಾಗಿಲ್ಲ.